ಕಣ್ಣಿನ ಹಿಂದಿನ ಕಬ್ಬಿಣ

ಮೊದಲು ಹೋದದ್ದು ಚಪ್ಪಲಿ. ವಾಡಿಯಿಂದ ಚಿತ್ತಾಪುರಕ್ಕೆ ಬರುವ ಸಂಜೆಯ ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಹಿಂದಿನ ಸೀಟಿನ ತನಕ ಹೋಗಿದ್ದೆ. ಮುದುಕಿಯೊಬ್ಬಳು ನನ್ನ ಖಾಕಿ ಅಂಗಿಯ ತೋಳು ಜಗ್ಗಿ, "ಯವ್ವಾ, ನಿನ್ನ ಚಪ್ಪಲಿ ಅಲ್ಲೇ ಬಿಟ್ಟು ಬಂದಿ ನೋಡು" ಅಂದಳು. ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ಜೋಳದ ಚೀಲಗಳ ನಡುವೆ ಬಿದ್ದಿತ್ತು. ಬರಿಗಾಲಲ್ಲಿ ಅರ್ಧ ಬಸ್ಸು ದಾಟಿ ಬಂದಿದ್ದರೂ ನನಗೆ ಗೊತ್ತಾಗಿರಲಿಲ್ಲ. ಅಕ್ಕಪಕ್ಕದವರು ನಕ್ಕರು, ಅವರ ಜೊತೆ ನಾನೂ ನಕ್ಕೆ.

ಆಮೇಲೆ ಬೆರಳುಗಳು. ಟಿಕೆಟ್ ಮಷಿನ್ನಿನ ಗುಂಡಿ ಒತ್ತಿದರೆ ಒತ್ತಿದೆನೋ ಇಲ್ಲವೋ ತಿಳಿಯದೆ ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಬೇಕಾಯಿತು. ಶಹಾಬಾದ್ ಎಂದು ಕೇಳಿದವರಿಗೆ ಸೇಡಂ ಟಿಕೆಟ್ ಹರಿದು ಕೊಟ್ಟು ಬೈಸಿಕೊಂಡೆ. ಮನೆಯಲ್ಲಿ ರೊಟ್ಟಿ ಬಡಿಯಲು ಕುಳಿತರೆ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಅಂಗೈಯಲ್ಲಿ ಮೆಣಸಿನಪುಡಿ ತಿಕ್ಕಿದ ಹಾಗೆ ಸದಾ ಉರಿ. ಕೂರಲು ಬಿಡುವಿಲ್ಲದ ಕೆಲಸ, ದಿನವಿಡೀ ಬಸ್ಸಿನ ಕುಲುಕಾಟ, ದಣಿವು ಇರಬೇಕು ಎಂದುಕೊಂಡೆ. ದಣಿವು ಎಂದುಕೊಳ್ಳುವುದು ನಮ್ಮಂಥವರಿಗೆ ಬಹಳ ಸುಲಭ.

ನಮ್ಮ ಬಸ್ಸಿನ ಡ್ರೈವರ್ ಖಾಜಾ ಕಾಕಾ ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ನಿವೃತ್ತಿಗೆ ಹತ್ತಿರ ಬಂದಿದ್ದ ಮನುಷ್ಯ, ಕನ್ನಡಿಯಲ್ಲಿ ನನ್ನನ್ನು ದಿನವೂ ನೋಡುತ್ತಿದ್ದವರು. ಒಂದು ದಿನ ಡಿಪೋದಲ್ಲಿ ನನ್ನ ಕೈಯಿಂದ ಚೀಲ ಇಸಿದುಕೊಂಡು, "ಬೇಟಾ, ನಿನ್ನ ನಡಿಗಿ ಬದಲಾಗ್ಯಾದ. ಕುಡದವ್ರ ಹಂಗ ನಡೀಲಿಕತ್ತಿ. ನಾ ಹೇಳಿದ್ದಕ್ಕ ಸಿಟ್ಟಾಗಬ್ಯಾಡ, ಜಲ್ದಿ ತೋರ್ಸಕೋ" ಅಂದರು. ನನಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಬೇರೆಯವರ ಕಣ್ಣಿಗೆ ಕಾಣುವಷ್ಟಾಗಿದೆ ಎಂದರೆ ಅದು ದಣಿವಲ್ಲ.

ಊರಲ್ಲಿ ಶಕ್ತಿಯ ಸೂಜಿ ಹಾಕಿದರು. ಸಕ್ಕರೆ ಕಾಯಿಲೆ ಇರಬೇಕೆಂದು ರಕ್ತ ತೆಗೆದರು, ಇರಲಿಲ್ಲ. ಕೊನೆಗೆ ಕಲಬುರಗಿಯ ನರದ ಡಾಕ್ಟರೊಬ್ಬರು ನನ್ನನ್ನು ಮೇಜಿನ ಅಂಚಿಗೆ ಕೂಡಿಸಿ ಮೊಣಕಾಲಿಗೆ ಸಣ್ಣ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ನನ್ನ ಕಾಲು ನನ್ನ ಮಾತು ಕೇಳದೆ ಮೇಲಕ್ಕೆ ಚಿಮ್ಮಿತು. ಅವರು ಇನ್ನೊಂದು ಕಾಲಿಗೆ ತಟ್ಟಿದರು, ಅದೂ ಚಿಮ್ಮಿತು. ಅಷ್ಟು ಜೋರಾಗಿ ಚಿಮ್ಮಬಾರದು ಎಂದು ಸುತ್ತಿಗೆ ಕೆಳಗಿಟ್ಟರು.

"ಕುತ್ತಿಗ್ಯಾಗ ನರದ ಹುರಿಗೆ ಒತ್ತು ಬಿದ್ದಂಗ ಕಾಣ್ತದ. ಎಂ.ಆರ್.ಐ. ಮಾಡಿಸ್ಕೊಂಡು ಬರ್ರಿ. ಎಲ್ಲಿ ಒತ್ತಿದೆ ಅಂತ ನೋಡಲಾರದೆ ಮುಂದ ಏನೂ ಮಾಡ್ಲಿಕ್ಕೆ ಬರಂಗಿಲ್ಲ. ತಡ ಮಾಡಬ್ಯಾಡ್ರಿ" ಅಂದರು.

ನನ್ನ ಗಂಡ ಶಿವಶರಣಪ್ಪ ಚಿತ್ತಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿಯ ಸದ್ದಿಗೆ ಅವರ ಕಿವಿ ಅರ್ಧ ಹೋಗಿದೆ. ಹಾಗಾಗಿ ಅವರ ಮಾತು ಯಾವಾಗಲೂ ಜೋರು, ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತದೆ. ಸ್ಕ್ಯಾನಿಂಗಿಗೆ ಹೋಗುವ ದಿನ ಅವರು ಗಿರಣಿಗೆ ಬೀಗ ಹಾಕಿ ಬಂದರು. ಶಹಾಬಾದಿನಿಂದ ನಮ್ಮವ್ವ ನೀಲಮ್ಮ ನೇರವಾಗಿ ಕಲಬುರಗಿಗೆ ಬಂದಿದ್ದಳು. ಅಪ್ಪ ತೀರಿಕೊಂಡ ಮೇಲೆ ಆಕೆ ಅಲ್ಲಿ ಒಬ್ಬಳೇ ಇದ್ದಳು. ಮಗಳನ್ನು ದೊಡ್ಡ ಮಷಿನ್ನಿನೊಳಗೆ ಹಾಕುತ್ತಾರಂತೆ ಎಂದು ಯಾರೋ ಹೇಳಿದ್ದರು, ಬಾಯಿ ಒಣಗಿಸಿಕೊಂಡು ಕುಳಿತಿದ್ದಳು.

ಆ ಕೇಂದ್ರ ನೆಲಮಾಳಿಗೆಯಲ್ಲಿತ್ತು. ಹೊರಗೆ ಸುಡುವ ಬಿಸಿಲು, ಒಳಗೆ ಮೈ ನಡುಗುವ ತಂಪು. ಗೋಡೆಯ ಆಚೆಯಿಂದ ಟಕಟಕಟಕ ಎಂದು ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬೇರೆ ದನಿಯಲ್ಲಿ ಶುರುವಾಗುತ್ತಿತ್ತು. ಕುರ್ಚಿಗಳಲ್ಲಿ ಕುಳಿತವರು ಒಬ್ಬರನ್ನೊಬ್ಬರು ನೋಡದೆ ಆ ಬಾಗಿಲನ್ನೇ ನೋಡುತ್ತಿದ್ದರು. ನನ್ನ ಪಕ್ಕದಲ್ಲಿ ಚಿಮ್ಮನಚೋಡದ ಹೆಣ್ಣುಮಗಳೊಬ್ಬಳು ತಲೆಯ ಗಂಟಿಗೆಂದು ಮೂರನೇ ಸಲ ಬಂದಿದ್ದಳು. "ಒಳಗ ಹೋದಮ್ಯಾಲ ಕಣ್ಣು ಮುಚ್ಚೇ ಇಡ್ರಿ ಅಕ್ಕಾ. ತೆರದ್ರ ಮಾರಿ ಮ್ಯಾಲೇ ಛತ್ತು ಕುಸದು ಬಂದಂಗಾಗ್ತದ" ಎಂದು ನನಗೆ ಕಲಿಸಿಕೊಟ್ಟಳು. ತನ್ನ ಶಾಲಿನ ಒಂದು ತುದಿಯನ್ನು ನನ್ನ ಕಾಲ ಮೇಲೂ ಹೊದಿಸಿದಳು. ಆಕೆಯ ಹೆಸರು ಕೇಳದೆ ಹೋದೆ.

ಮೈಮೇಲಿನ ಲೋಹವೆಲ್ಲ ತೆಗೆಯಬೇಕೆಂದರು. ಕಿವಿಯೋಲೆ, ಬಳೆ, ಪಿನ್ನು. ತಾಳಿ ತೆಗೆಯುವಾಗ ಅವ್ವ ಮುಖ ಸಿಂಡರಿಸಿದಳು. ಇವರು, "ನಾ ಇಲ್ಲೇ ಜೀವಂತ ಕುಂತೀನಲ್ಲ ಅತ್ತಿ, ತಗೀಲಿ ಬಿಡ್ರಿ" ಎಂದು ಕೂಗಿದಾಗ ಕಾಯುತ್ತಿದ್ದವರೆಲ್ಲ ಮೊದಲ ಸಲ ನಕ್ಕರು. ಕಾಲುಂಗುರ ಬರಲಿಲ್ಲ. ಅವ್ವ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸಾಬೂನು ನೀರು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದಳು. ಬೆರಳು ಸುಲಿದಿತ್ತು. ನನಗೆ ನೋವಾಗಲಿಲ್ಲ. ನೋವಾಗಲಿಲ್ಲವೆಂದು ಆಕೆಗೆ ಗೊತ್ತಾಗಬಾರದೆಂದು ಸುಮ್ಮನೆ "ಅಯ್ಯೋ" ಅಂದೆ. ಎಲ್ಲವನ್ನೂ ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಷಿನ್ ನಡೆಸುವ ಹುಡುಗಿ ಬಂದು ಪ್ರಶ್ನೆ ಕೇಳತೊಡಗಿದಳು. ದನಿಯಲ್ಲಿ ಅವಸರವಿತ್ತು, ಒಂದನ್ನೂ ಬಿಡುತ್ತಿರಲಿಲ್ಲ.

"ಎದಿಯೊಳಗ ಮಷಿನ್ ಏನರ ಕೂಡಿಸ್ಯಾರೇನ್ರಿ?"

"ಇಲ್ರಿ."

"ತಲಿ ಆಪರೇಶನ್ ಆಗ್ಯಾದೇನು? ಕ್ಲಿಪ್, ರಾಡ್, ಸ್ಕ್ರೂ?"

"ಏನೂ ಇಲ್ರಿ."

"ಕಾಪರ್-ಟಿ ಹಾಕ್ಸೀರೇನು? ಮುಟ್ಟು ಬರೋಬ್ಬರಿ ಆಗ್ತದ?"

ಕೇಳಿಸದೆ ಇವರು, "ಏನಂತ? ಏನಂತ ಕೇಳ್ಲಿಕತ್ತಾರ?" ಎಂದು ಕೂಗಿದರು. ನಾನು ನೆಲ ನೋಡಿದೆ. ಅವ್ವ ಅಳಿಯನ ಕಡೆ ಕೈ ಬೀಸಿ ಸುಮ್ಮನಿರಿಸಿದಳು.

"ಕಣ್ಣಾಗ ಯಾವಾಗರ ಕಬ್ಬಿಣದ ಚೂರು ಹೋಗಿತ್ತೇನ್ರಿ? ವೆಲ್ಡಿಂಗ್ ಇರಲಿ, ಕಲ್ಲು ಒಡಿಯೋದಿರಲಿ, ಅಂಥ ಕೆಲಸದ ಹತ್ರ ಇದ್ರೇನು?"

"ಸಣ್ಣಾಕಿ ಇದ್ದಾಗ ಎಡಗಣ್ಣಾಗ ಕಲ್ಲಿನ ಚೂರು ಹೋಗಿತ್ರಿ. ನಮ್ಮವ್ವ ಅವಾಗೇ ತಗದಾಳ" ಅಂದೆ.

ಹುಡುಗಿ ಮುಂದಿನ ಪ್ರಶ್ನೆಗೆ ಹೋಗಲಿಲ್ಲ. "ಕಲ್ಲಿನ ಚೂರೋ, ಉಳಿ ಚೂರೋ?"

ನನಗೆ ಗೊತ್ತಿರಲಿಲ್ಲ. ನಾನು ಆಗ ಎರಡನೇ ತರಗತಿಯಲ್ಲೋ ಮೂರನೇ ತರಗತಿಯಲ್ಲೋ ಇದ್ದೆ. ಹುಡುಗಿ ಅವ್ವನನ್ನೇ ಕೇಳಿದಳು.

ಅವ್ವ ಹೇಳಿದಳು. ಬೇಸಿಗೆ ರಜೆ. ಶಹಾಬಾದಿನ ಫರ್ಸಿ ಕಲ್ಲಿನ ಗಣಿಯಲ್ಲಿ ಅಪ್ಪ ಕಲ್ಲು ಕಡಿಯುತ್ತಿದ್ದ, ಅವ್ವ ಹೊರುತ್ತಿದ್ದಳು. ಮನೆಯಲ್ಲಿ ಒಬ್ಬಳನ್ನೇ ಬಿಡಬಾರದೆಂದು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ನಾನು ಅಪ್ಪನಿಗೆ ನೀರು ಕೊಡಲು ಹೋಗಿ ಎದುರಿಗೆ ಕುಳಿತಿದ್ದೆ. ಅಪ್ಪನ ಉಳಿ ಹಳೆಯದು, ಸುತ್ತಿಗೆಯ ಏಟು ತಿಂದು ತಿಂದು ಅದರ ತಲೆ ಹೂವಿನಂತೆ ಅರಳಿ ಅಂಚು ಹರಿದಿತ್ತು. ಏಟು ಬಿತ್ತು, ನಾನು ಕಣ್ಣು ಮುಚ್ಚಿಕೊಂಡು ಚೀರಿದೆ. ಅವ್ವ ಬುಟ್ಟಿ ಎಸೆದು ಓಡಿ ಬಂದು ನನ್ನ ರೆಪ್ಪೆಗಳನ್ನು ಹೆಬ್ಬೆರಳಿಂದ ಬಿಡಿಸಿ ಹಿಡಿದು ನಾಲಿಗೆಯಿಂದ ಕಣ್ಣೊಳಗೆ ಸವರಿದಳು.

"ನಾಲಿಗಿಗಿ ಹತ್ತಿತ್ರಿ. ಅಂಗೈ ಮ್ಯಾಲ ಉಗುಳಿ ನೋಡೀನಿ. ಬಿಳಿ ಕಲ್ಲು, ಸಣ್ಣದು" ಅಂದಳು ಅವ್ವ. "ಆಮ್ಯಾಲ ಔಡಲೆಣ್ಣಿ ಹಾಕೀನಿ. ಮಗ್ಗಲ ಮನಿ ಬಾಣಂತಿ ಹಾಲು ಹಿಂಡೀನಿ. ಒಂದೀಟು ದಿನ ಕೆಂಪಗಿತ್ತು. ಆರಾಮಾತು. ಸನ್ನತಿಗಿ ಹೋಗಿ ಚಂದ್ರಲಾಂಬ ತಾಯಿಗಿ ಬೆಳ್ಳಿ ಕಣ್ಣು ಕೊಟ್ಟು ಬಂದೀವ್ರಿ."

ಹುಡುಗಿ ಮೆತ್ತಗೆ ಕೇಳಿದಳು: "ಆವತ್ತು ಹೋಗಿದ್ದು ಅದೊಂದೇ ಚೂರೇನಮ್ಮಾ?"

ಅವ್ವ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಆಕೆಗೆ ಯಾರೂ ಕೇಳಿರಲಿಲ್ಲ, ಆಕೆಯೂ ಕೇಳಿಕೊಂಡಿರಲಿಲ್ಲ.

ನನ್ನನ್ನು ಮೇಲಿನ ಮಹಡಿಗೆ ಕಳಿಸಿ ಕಣ್ಣಿನ ಎಕ್ಸ್-ರೇ ತೆಗೆಸಿದರು. ಒಂದು ಸಲ ಮೇಲೆ ನೋಡು ಅಂದರು, ಒಂದು ಸಲ ಕೆಳಗೆ ನೋಡು ಅಂದರು. ಅಲ್ಲಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ನನ್ನ ತಲೆಬುರುಡೆ ಬೂದಿ ಬಣ್ಣದಲ್ಲಿತ್ತು. ಎಡಗಣ್ಣಿನ ಕುಳಿಯಲ್ಲಿ ಒಂದು ಬಿಳಿ ಚುಕ್ಕೆ, ಯಾರೋ ಸುಣ್ಣದಿಂದ ಇಟ್ಟ ಹಾಗೆ.

"ಆ ಮಷಿನ್ ಅಂದ್ರ ದೊಡ್ಡ ಅಯಸ್ಕಾಂತ ಇದ್ದಂಗ್ರಿ" ಅಂದರು ಅವರು. "ಇದು ಕಣ್ಣಿನ ಹಿಂದ ಕುಂತದ. ಅಲ್ಲೇ ದೃಷ್ಟಿ ನರ ಅದ. ಒಳಗ ಹೋದಾಗ ಇದು ಜರಾ ಅಲುಗಿದ್ರೂ ಕಣ್ಣು ಹೋಗ್ಬಹುದು, ಒಳಗೇ ರಕ್ತ ಆಗಬಹುದು. ನಾವು ಮಾಡಂಗಿಲ್ಲ. ನಿಮ್ಮ ಡಾಕ್ಟರ್‌ಗೆ ಹೇಳ್ರಿ, ಬ್ಯಾರೆ ದಾರಿ ನೋಡ್ತಾರ."

ನಾನು ಅವರು ಕೊಟ್ಟಿದ್ದ ಹಸಿರು ಗೌನಿನಲ್ಲೇ ನಿಂತಿದ್ದೆ. ಇನ್ನೊಂದು ಗಳಿಗೆ ಕಳೆದಿದ್ದರೆ ಒಳಗೆ ಹೋಗಿರುತ್ತಿದ್ದೆ. ಉಳಿದೆ ಎಂಬ ಸಮಾಧಾನ ಆಗ ಬರಲಿಲ್ಲ. ರೋಗ ಕುತ್ತಿಗೆಯಲ್ಲಿ, ಅದನ್ನು ನೋಡುವ ಒಂದೇ ಬಾಗಿಲು ಮುಚ್ಚಿತು ಎಂದಷ್ಟೇ ಅನ್ನಿಸಿತು.

ಅವ್ವ ಸೆರಗಿನ ಗಂಟು ಬಿಚ್ಚಿ ಒಂದೊಂದೇ ಒಡವೆ ನನ್ನ ಮೈಗೆ ಹಾಕಿದಳು. ತಾಳಿ ಕಟ್ಟುವಾಗ ನನ್ನ ಮುಖದ ತೀರ ಹತ್ತಿರ ಬಂದಳು. ಆದರೆ ಕಣ್ಣಲ್ಲಿ ಕಣ್ಣಿಡಲಿಲ್ಲ. "ನಾನೇ ನಾಲಿಗಿಲೆ ತಗದಿದ್ದೆ" ಅಂದಳು, ನನಗಲ್ಲ, ಯಾರಿಗೋ ಸಾಕ್ಷಿ ಹೇಳುವವಳಂತೆ. ಬಸ್ಸಿನಲ್ಲಿಯೂ ಶಹಾಬಾದ್ ಬರುವತನಕ ಅದನ್ನೇ ಹೇಳುತ್ತಿದ್ದಳು. ಇಳಿದವಳು ಹಿಂದಿರುಗಿ ನೋಡದೆ ಹೋದಳು.

ನರದ ಡಾಕ್ಟರು ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗಿರೆಂದು ಬರೆದುಕೊಟ್ಟರು. ಅಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ಬಣ್ಣದ ಔಷಧಿ ಬಿಟ್ಟು ಬೇರೆ ತರಹದ ಸ್ಕ್ಯಾನ್ ಮಾಡುತ್ತಾರಂತೆ. ಬೆನ್ನಿಗೆ ಸೂಜಿ ಎಂದ ಕೂಡಲೇ ಮನೆಯಲ್ಲಿ ಎಲ್ಲರೂ ಹಿಂಜರಿದರು. ಬೆನ್ನಿಗೆ ಸೂಜಿ ಹಾಕಿಸಿಕೊಂಡು ಏಳದೆ ಮಲಗಿದವರ ಕಥೆಗಳು ಎಲ್ಲೆಲ್ಲಿಂದಲೋ ಬಂದವು. ಇವರ ಅಣ್ಣ ಸೇಡಂನಲ್ಲಿದ್ದಾರೆ, ನನಗೆ ಭಾವ. ಮನೆತನದ ದೊಡ್ಡ ಮಾತು ಅವರದೇ. ಒಂದು ಭಾನುವಾರ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ಅಂದರು:

"ಇಡೀ ದೇಶದಾಗ ಒಂದೇ ಮಷಿನ್ ಅದ ಏನು? ಬ್ಯಾರೆ ಊರಾಗ ಮಾಡಿಸ್ರಿ. ಕೇಳಿದ್ರ ಇಲ್ಲ ಅನ್ರಿ. ಮೂವತ್ತು ವರ್ಷ ಅಲುಗಲಾರದ್ದು ಅರ್ಧ ತಾಸಿನ್ಯಾಗ ಅಲುಗ್ತದೇನು? ಡಾಕ್ಟರ್ ಮಂದಿ ತಮ್ಮ ಮ್ಯಾಲ ಬರಬಾರದಂತ ಹೆದರಿಸ್ತಾರ."

ಅವರು ಕೆಟ್ಟ ಮನುಷ್ಯರಲ್ಲ. ನನ್ನ ಬೆನ್ನು ಉಳಿಯಲಿ ಎಂದೇ ಹೇಳಿದ್ದು. ಆ ವಾರದಲ್ಲಿ ನಾನು ಬಚ್ಚಲಲ್ಲಿ ಬಿದ್ದೆ, ಎರಡು ಸಲ. ಕಾಲೇಜಿಗೆ ಹೋಗುವ ಮಗಳು ಅಕ್ಷತಾ ಪ್ರತಿದಿನ ಬೆಳಿಗ್ಗೆ ನನ್ನ ಕುಪ್ಪಸದ ಹುಕ್ಕು ಹಾಕಿ, ತಲೆ ಬಾಚಿ, ಆಮೇಲೆ ತಾನು ತಯಾರಾಗುತ್ತಿದ್ದಳು. ಒಂದು ಬೆಳಿಗ್ಗೆ ಹುಕ್ಕು ಹಾಕುತ್ತ ಹಾಕುತ್ತ ಅರ್ಧಕ್ಕೇ ಬಿಟ್ಟಳು. ಹಿಂದೆ ನಿಂತು ಸದ್ದಿಲ್ಲದೆ ಅಳುತ್ತಿದ್ದಳು. ಆವತ್ತೇ ನಾನು ಇವರಿಗೆ, "ನಡ್ರಿ, ಭಾವ ಹೇಳಿದಂಗ ಮಾಡೋಣು" ಅಂದೆ.

ಆ ಇನ್ನೊಂದು ಊರಿನ ಹೆಸರು ಬೇಡ. ದಾರಿಯುದ್ದಕ್ಕೂ ಒಂದೇ ಶಬ್ದವನ್ನು ಬಾಯಿಪಾಠ ಮಾಡಿದೆ. ಇಲ್ರಿ. ಇಲ್ರಿ. ದನಿ ನಡುಗದ ಹಾಗೆ, ಮುಖ ನೋಡಿ ಹೇಳುವ ಹಾಗೆ.

ಹೇಳುವ ಪ್ರಸಂಗವೇ ಬರಲಿಲ್ಲ. ಅಲ್ಲಿ ಗದ್ದಲ. ಕುರ್ಚಿ ಸಾಲದೆ ಜನ ನೆಲದ ಮೇಲೆ ಕುಳಿತಿದ್ದರು. ನನ್ನ ಹೆಸರು ಕೂಗಿದ ಮನುಷ್ಯ ತಲೆ ಎತ್ತಿ ನೋಡಲಿಲ್ಲ. "ಬಂಗಾರ, ಮೊಬೈಲ್, ಚಾವಿ ಎಲ್ಲಾ ತೆಗದ್ರೇನು? ನಡ್ರಿ ಒಳಗ" ಅಂದ. ಅಷ್ಟೇ. ಎದೆಯ ಮಷಿನ್ ಕೇಳಲಿಲ್ಲ, ಆಪರೇಶನ್ ಕೇಳಲಿಲ್ಲ, ಕಣ್ಣು ಕೇಳಲಿಲ್ಲ. ನಾನು ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ. ಸುಮ್ಮನೆ ನಡೆದುಬಿಟ್ಟರೆ ಆಗುತ್ತಿತ್ತು.

ಬಾಗಿಲ ತನಕ ನಡೆದೆ. ದಪ್ಪ ಬಾಗಿಲು, ಅದರ ಮೇಲೆ ಕೆಂಪು ಅಕ್ಷರಗಳಲ್ಲಿ ಏನೇನೋ ಎಚ್ಚರಿಕೆ. ಒಳಗೆ ಬಿಳಿಯ ದೊಡ್ಡ ಉಂಗುರದಂಥ ಮಷಿನ್, ಅದರ ಬಾಯಿಯ ಮುಂದೆ ಒಂದು ಹಲಗೆ. ತಂಪು ಗಾಳಿ ಮುಖಕ್ಕೆ ಬಡಿಯಿತು. ಅಲ್ಲಿ ನಿಂತು ಯಾಕೆ ಹಾಗೆ ಮಾಡಿದೆನೋ ತಿಳಿಯದು, ಬಲಗಣ್ಣು ಮುಚ್ಚಿ ಬರೀ ಎಡಗಣ್ಣಿನಿಂದ ಹಿಂದೆ ತಿರುಗಿ ನೋಡಿದೆ. ಪಡಸಾಲೆಯ ಕೊನೆಯಲ್ಲಿ ಇವರು ಕುಕ್ಕರಗಾಲಲ್ಲಿ ಕುಳಿತಿದ್ದರು. ಎಷ್ಟು ತೊಳೆದರೂ ಹೋಗದ ಹಿಟ್ಟು ಕಿವಿಯ ಕೂದಲಿನಲ್ಲಿ ಹಾಗೇ ಇತ್ತು. ಅಷ್ಟು ದೂರದಿಂದ ಅದು ನನಗೆ ಕಾಣಿಸುತ್ತಿತ್ತು. ಈ ಕಣ್ಣು ಕೊನೆಯದಾಗಿ ನೋಡುವುದು ಇದನ್ನೇ ಇರಬಹುದು ಅನ್ನಿಸಿತು.

"ನನ್ನ ಕಣ್ಣಿನ ಹಿಂದ ಕಬ್ಬಿಣ ಅದರಿ" ಅಂದೆ.

"ಏನು?"

"ಕಬ್ಬಿಣದ ಚೂರು. ಉಳೀದು."

ಆ ಮನುಷ್ಯ ನನ್ನ ತೋಳು ಹಿಡಿದು ಒರಟಾಗಿ ಹಿಂದಕ್ಕೆಳೆದು ಬಾಗಿಲು ಹಾಕಿದ. "ಮೊದಲೇ ಹೇಳ್ಲಿಕ್ಕೆ ಏನಾಗಿತ್ರಿ ನಿಮಗ?" ಎಂದು ರೇಗಿದ.

"ಯಾರೂ ಕೇಳಿಲ್ಲಲ್ರಿ."

ಅವನು ಇನ್ನೇನೋ ಬೈಯಲು ಹೊರಟವನು ನಿಂತ. ಹಣೆ ಒರೆಸಿಕೊಂಡ. ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತು ಒಂದು ಲೋಟ ನೀರು ಕುಡಿದ. ನನ್ನನ್ನೂ ಕುಂದ್ರಿ ಅಂದ. ನಾನು ಬಟ್ಟೆ ಬದಲಿಸಿ ಹೊರಗೆ ಬರುವಾಗ ನನ್ನ ನಂತರದ ಮುದುಕನಿಗೆ ಅವನು ಕೇಳುತ್ತಿದ್ದುದು ಕಿವಿಗೆ ಬಿತ್ತು: "ಯಜಮಾನ್ರ, ಎದಿಯಾಗ ಮಷಿನ್ ಏನರ ಅದೇನು? ಕಣ್ಣಾಗ ಏನರ ಹೋಗಿತ್ತೇನು? ನೆನಪು ಮಾಡಿ ಹೇಳ್ರಿ."

ಇವರಿಗೆ ಹೇಗೆ ಹೇಳಲಿ ಎಂದು ಹೆದರಿದ್ದೆ. ಹೇಳಿದಾಗ ಅವರು ಎದ್ದು ನಿಂತು ಚೀಲ ಹೆಗಲಿಗೆ ಹಾಕಿಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಮೋಸಂಬಿ ಕೊಂಡು ಸುಲಿದು ತೊಳೆ ತೊಳೆಯಾಗಿ ನನ್ನ ಬಾಯಿಗಿಟ್ಟರು, ನನ್ನ ಬೆರಳಿಗೆ ತೊಳೆ ಬಿಡಿಸಲು ಬರುತ್ತಿರಲಿಲ್ಲ. ಬಸ್ಸು ಅರ್ಧ ದಾರಿ ಬಂದ ಮೇಲೆ, ತಮ್ಮ ಜೀವನದಲ್ಲಿ ಮೊದಲ ಸಲ ಎಂಬಂತೆ ಸಣ್ಣ ದನಿಯಲ್ಲಿ ಅಂದರು:

"ಅಲ್ಲಿ ಕುಂತಾಗ, ನೀ ಒಳಗ ಚೀರಿದ್ರ ನನಗ ಕೇಳ್ತದೋ ಇಲ್ಲೋ ಅಂತ ಲೆಕ್ಕ ಹಾಕ್ಲಿಕತ್ತಿದ್ದೆ. ಕೇಳ್ತಿದ್ದಿಲ್ಲ. ಆ ಸದ್ದಿನ್ಯಾಗ ಖರೇನೇ ಕೇಳ್ತಿದ್ದಿಲ್ಲ ನನಗ."

ಕಿಟಕಿಯ ಕಡೆ ಮುಖ ಮಾಡಿದರು. ನಾನು ನನ್ನ ಕೈ ಅವರ ಕೈ ಮೇಲಿಟ್ಟೆ. ಅವರ ಕೈ ಬಿಸಿಯಾಗಿದೆಯೋ ತಣ್ಣಗಿದೆಯೋ ನನಗೆ ತಿಳಿಯಲಿಲ್ಲ.

ಹೈದರಾಬಾದಿಗೆ ರೈಲಿನಲ್ಲಿ ಹೋದೆವು. ಸೇಡಂ ಸ್ಟೇಷನ್ನಿನಲ್ಲಿ ಭಾವ ನಿಂತಿದ್ದರು. ಕಿಟಕಿಯಿಂದ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಕೊಟ್ಟು, "ತಿಳೀಲಾರದೆ ಹೇಳಿದ್ನವ್ವಾ" ಅಂದರು. ರೈಲು ಹೊರಟಿತು.

ಅಲ್ಲಿನ ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ಚೂರು ಕಣ್ಣುಗುಡ್ಡೆಯೊಳಗಿಲ್ಲ, ಹಿಂದಿನ ಕೊಬ್ಬಿನಲ್ಲಿದೆ, ಅದಕ್ಕೇ ಇಷ್ಟು ವರ್ಷ ಏನೂ ಮಾಡಿಲ್ಲ ಅಂದರು. ತೆಗೆಯಲು ಹೋದರೆ ಇರುವ ದೃಷ್ಟಿಯೇ ಹೋಗಬಹುದು, ಹಾಗೇ ಬಿಡಿ, ಆದರೆ ಬದುಕಿರುವವರೆಗೂ ಎಂ.ಆರ್.ಐ. ಕೋಣೆಗೆ ಮಾತ್ರ ಹೋಗಬೇಡಿ ಎಂದು ಎರಡೆರಡು ಸಲ ಹೇಳಿದರು.

ಬೆನ್ನಿನ ಸೂಜಿ ನಾನು ಹೆದರಿದಷ್ಟು ನೋಯಿಸಲಿಲ್ಲ. ಔಷಧಿ ಕುತ್ತಿಗೆಗೆ ಏರಲೆಂದು ನನ್ನನ್ನು ಹಲಗೆಗೆ ಕಟ್ಟಿ ತಲೆ ಕೆಳಗೆ ಮಾಡಿ ಓರೆಯಾಗಿಸಿದರು. ಆಗ ನರ್ಸಮ್ಮ ಒಬ್ಬಾಕೆ ಇಡೀ ಹೊತ್ತು ನನ್ನ ಗದ್ದ ಹಿಡಿದುಕೊಂಡು ತೆಲುಗಿನಲ್ಲಿ ಏನೋ ಸಮಾಧಾನ ಹೇಳುತ್ತಿದ್ದಳು. ಶಬ್ದಗಳು ಅರ್ಧ ತಿಳಿದವು, ದನಿ ಪೂರ್ತಿ ತಿಳಿಯಿತು. ಅದರ ನಂತರದ ತಲೆನೋವು ಮಾತ್ರ ಹೇಳತೀರದು. ತಲೆ ಎತ್ತಿದರೆ ಜಗತ್ತು ಬಿರಿಯುತ್ತಿತ್ತು. ಅಂಗಾತ ಮಲಗಿ ಫ್ಯಾನು ನೋಡುತ್ತ ದಿನ ಕಳೆದೆ.

ಸರ್ಜನ್ ಚಿತ್ರ ನೋಡಿ ಸುತ್ತಿ ಬಳಸಿ ಮಾತಾಡಲಿಲ್ಲ. ಕುತ್ತಿಗೆಯ ಮೂಳೆಗಳೂ ಅವುಗಳ ನಡುವಿನ ಮೆತ್ತೆಯಂಥ ಗಾದಿಯೂ ಸೇರಿ ನರದ ಹುರಿಯನ್ನು ಹಿಂಡಿವೆ. ಒತ್ತಡ ತೆಗೆಯಬಹುದು. ಇನ್ನು ಮುಂದೆ ಹೋಗದ ಹಾಗೆ ನೋಡಿಕೊಳ್ಳಬಹುದು. ಆದರೆ ಹೋದದ್ದು ಬರುತ್ತದೆಂದು ಮಾತು ಕೊಡುವುದಿಲ್ಲ. "ಇನ್ನೂ ಮೊದಲು ಬಂದಿದ್ದರೆ" ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಅಲ್ಲಿಗೇ ಬಿಟ್ಟರು. ಆ ಅರ್ಧ ವಾಕ್ಯವನ್ನು ನಾನು ಎಷ್ಟೋ ಸಲ ಪೂರ್ತಿ ಮಾಡಿಕೊಂಡಿದ್ದೇನೆ. ಶಕ್ತಿಯ ಸೂಜಿ ಹಾಕಿಸಿಕೊಂಡ ದಿನಗಳು, ಕಟ್ಟೆಯ ಮೇಲೆ ಚರ್ಚೆ ಮಾಡಿದ ದಿನಗಳು, ಆ ಹೆಸರು ಹೇಳದ ಊರಿಗೆ ಹೋಗಿ ಬಂದ ದಿನಗಳು, ಎಲ್ಲ ಅದರೊಳಗಿವೆ.

ಕುತ್ತಿಗೆಯ ಮುಂಭಾಗದಿಂದ ಆಪರೇಶನ್ ಮಾಡಿದರು. ಈಗ ಕೋಲಿಲ್ಲದೆ ನಡೆಯುತ್ತೇನೆ, ನಿಧಾನವಾಗಿ, ನೆಲ ನೋಡುತ್ತ. ಬಲಗೈ ಅರ್ಧ ಬಂದಿದೆ. ಎಡಗೈ ಉರಿಯುತ್ತಲೇ ಇದೆ, ಚಳಿಗಾಲದಲ್ಲಿ ಹೆಚ್ಚು. ರೊಟ್ಟಿ ಬಡಿಯಲು ಬರುವುದಿಲ್ಲ. ಇದನ್ನು ಮೊಬೈಲಿಗೆ ಹೇಳಿ ಬರೆಸುತ್ತಿದ್ದೇನೆ, ಅದು ತಪ್ಪು ಬರೆದದ್ದನ್ನು ಅಕ್ಷತಾ ತಿದ್ದುತ್ತಾಳೆ.

ಬಸ್ಸು ಹತ್ತುವ ಕೆಲಸ ಮುಗಿಯಿತು. ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂಡಿಸಿದ್ದಾರೆ. ಯಾವ ಬಸ್ಸು ಎಲ್ಲಿಗೆ ಎಂದು ಮೈಕಿನಲ್ಲಿ ಹೇಳುತ್ತೇನೆ. ಕಲಬುರಗಿ ಬಸ್ಸು ಕೇಳುವವರಲ್ಲಿ ದೊಡ್ಡ ದೊಡ್ಡ ಆಸ್ಪತ್ರೆ ಲಕೋಟೆ ಹಿಡಿದವರು ದಿನವೂ ಇರುತ್ತಾರೆ. ಸ್ಕ್ಯಾನಿಂಗಿಗೆ ಹೊರಟವರೆಂದು ತಿಳಿದರೆ ನಾನಾಗಿಯೇ ಕೇಳುತ್ತೇನೆ, ಕಲ್ಲಿನ ಕೆಲಸ ಮಾಡಿದ್ರೇನು, ಮೈಯಾಗ ಕಬ್ಬಿಣ ಏನರ ಅದೇನು, ಇದ್ದರೆ ಅವರು ಕೇಳದಿದ್ದರೂ ಹೇಳ್ರಿ ಅಂತ. ಕೆಲವರು ಕೇಳಿಸಿಕೊಳ್ಳುತ್ತಾರೆ. ಕೆಲವರು ನನಗೆ ತಲೆ ನೆಟ್ಟಗಿಲ್ಲ ಎಂಬಂತೆ ನೋಡುತ್ತಾರೆ. ತೆಂಗಳಿಯ ಒಬ್ಬಾತ ಮಾತ್ರ ಅಂಗಿಯ ತೋಳು ಮೇಲೆತ್ತಿ ಮೊಣಕೈ ತನಕ ಚರ್ಮದಡಿಯ ಕಪ್ಪು ಗಂಟುಗಳನ್ನು ತೋರಿಸಿ, "ಇವೂ ಹೇಳ್ಬೇಕೇನ್ರಿ ಅಕ್ಕೋರೆ?" ಎಂದು ಕೇಳಿದ. ಹೇಳ್ರಿ ಅಂದೆ. ಅವನ ಬಸ್ಸು ಬಂತು, ಹೋದ. ಮುಂದೆ ಏನಾಯಿತೋ ಗೊತ್ತಿಲ್ಲ.

ಆಪರೇಶನ್ ಆದ ಮೇಲೆ ಅವ್ವನನ್ನು ನಮ್ಮಲ್ಲಿಗೇ ಕರೆದುಕೊಂಡು ಬಂದೆವು. ಆಕೆ ಮೊದಲಿನಂತಿರಲಿಲ್ಲ. ತವರೂರು ಸನ್ನತಿಗೆ ವರ್ಷಕ್ಕೊಮ್ಮೆ ತಪ್ಪದೆ ಹೋಗುತ್ತಿದ್ದವಳು ಹೋಗುವುದನ್ನೇ ಬಿಟ್ಟಳು. ನನ್ನ ಎಡಗೈ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕೈ ಹೇಗಿದೆ ಎಂದು ಒಂದು ದಿನವೂ ಕೇಳಲಿಲ್ಲ. "ಕಣ್ಣು ಹೆಂಗದ?" ಎಂದಷ್ಟೇ ಕೇಳುತ್ತಿದ್ದಳು. ಚಲೋ ಅದ ಅವ್ವಾ ಅನ್ನುತ್ತಿದ್ದೆ. ನಿಜಕ್ಕೂ ಅದು ಚೆನ್ನಾಗಿಯೇ ಇತ್ತು, ಮೈಯಲ್ಲಿ ಸರಿಯಾಗಿದ್ದುದು ಅದೊಂದೇ. ಆದರೆ ಆಕೆ ನಂಬುತ್ತಿರಲಿಲ್ಲ. ಕೈಕಾಲು ಹೋದದ್ದಕ್ಕೂ ಆ ಚೂರಿಗೂ ಸಂಬಂಧವಿಲ್ಲ, ರೋಗ ಕುತ್ತಿಗೆಯದು ಎಂದು ಇವರು ಕೂಗಿ ಕೂಗಿ ತಿಳಿಸಿದರು, ಮಗಳು ಚಿತ್ರ ಬರೆದು ತೋರಿಸಿದಳು. ಅವ್ವ ತಲೆಯಾಡಿಸುತ್ತಿದ್ದಳು. ಮರುದಿನ ಮತ್ತೆ ಎಣ್ಣೆ, ಮತ್ತೆ ಅದೇ ಪ್ರಶ್ನೆ.

ಹೋದ ಮಳೆಗಾಲದಲ್ಲಿ ಹಾಸಿಗೆ ಹಿಡಿದಳು. ಎದೆಯಲ್ಲಿ ನೀರು ತುಂಬುತ್ತಿತ್ತು. ಮಲಗಲು ಆಗದೆ ಗೋಡೆಗೆ ಒರಗಿ ಕುಳಿತೇ ಇರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ಚಮಚ ಸರಿಸಿ ನನ್ನ ಮುಖ ನೋಡಿದಳು. ಎಷ್ಟೋ ದಿನಗಳ ಮೇಲೆ ನೇರವಾಗಿ ಕಣ್ಣನ್ನೇ ನೋಡಿದಳು.

"ಹೈದ್ರಾಬಾದಿನ್ಯಾಗ ಕುತ್ತಿಗಿ ಕೊಯ್ದ್ರಲ್ಲ, ಅವಾಗ ಅದನ್ನೂ ತಗದ್ರೇನು?"

ಚೂರು ಹಾಗೇ ಉಳಿದಿದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಕೇಳಲು ಆಕೆಗೂ ಇಷ್ಟು ದಿನ ಧೈರ್ಯ ಬಂದಿರಲಿಲ್ಲ.

"ತಗದ್ರವ್ವಾ" ಅಂದೆ.

"ಖರೇನು?"

"ಖರೇನ."

"ಎಟು ದೊಡ್ಡದಿತ್ತು?"

ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಲು ಹೋದೆ. ನನ್ನ ಬೆರಳುಗಳು ಅಷ್ಟು ಹತ್ತಿರ ಬರುವುದಿಲ್ಲ. "ಎಳ್ಳಿನಷ್ಟು" ಎಂದು ಬಾಯಿಂದಲೇ ಹೇಳಿದೆ.

"ಅಟೇನಾ" ಅಂದಳು ಅವ್ವ. "ನಾ ಭಾಳ ದೊಡ್ಡದದ ಅಂತ ತಿಳ್ಕೊಂಡಿದ್ದೆ."

ಉಳಿದ ಗಂಜಿಯನ್ನು ಪೂರ್ತಿ ಕುಡಿದಳು. ಆಮೇಲೆ ಒರಗಿಕೊಂಡು ಕಣ್ಣು ಮುಚ್ಚಿದಳು. ನಾನು ಬಟ್ಟಲು ಹಿಡಿದು ಅಲ್ಲೇ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಆಕೆಯ ಬಾಯಿ ಸಡಿಲಾಗಿ ಸಣ್ಣಗೆ ಗೊರಕೆ ಕೇಳಿಸಿತು.